8 ಓಮ್ ಸ್ಪೀಕರೋ, 100 ವೋಲ್ಟ್ ಲೈನೋ?

ಕುಂಬಳೆ ಕಡೆ ಯಕ್ಷಗಾನಕ್ಕೆ, ಜಾತ್ರೆಗೆ ಆಂಪ್ಲಿಫೈಯರ್ ತೆಗೆದುಕೊಳ್ಳುವವರು ಮೊದಲು ನೋಡಬೇಕಾದದ್ದು ತಂತಿ ಎಷ್ಟು ಉದ್ದ ಹೋಗುತ್ತದೆ ಎಂದು.

ರಂಗಸ್ಥಳದ ಎರಡು ಬದಿಗೆ ಸ್ಪೀಕರ್ ಪೆಟ್ಟಿಗೆ ಸಾಕಾದರೆ 8 ಓಮ್ ಸ್ಪೀಕರೇ ಸರಿ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಭಾಗವತರ ಸ್ವರ, ಮದ್ದಳೆಯ ನಾದ ತುಂಬಿ ಬರುತ್ತದೆ. ಆದರೆ ಒಂದೇ ಚಾನೆಲ್‌ಗೆ ಎರಡನ್ನು ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿ) ಕೊಟ್ಟರೆ ಲೋಡ್, ಅಂದರೆ ಆಂಪ್ಲಿಫೈಯರಿಗೆ ಸಿಗುವ ಒಟ್ಟು ತಡೆ, 4 ಓಮ್, ನಾಲ್ಕು ಕೊಟ್ಟರೆ 2 ಓಮ್. ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪ್ಲಿಫೈಯರಿಗೆ 2 ಓಮ್ ಕೊಡಲೇಬೇಡಿ. ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೂ ಹೋಗಬಹುದು.

ಗದ್ದೆ ದಾಟಿ ರಸ್ತೆವರೆಗೆ ಹಾರ್ನ್ ಕಟ್ಟಬೇಕಾ? ಆಗ 100 ವೋಲ್ಟ್ ಲೈನ್, ಅಂದರೆ ಹೆಚ್ಚು ವೋಲ್ಟೇಜಿನಲ್ಲಿ, ಕಡಿಮೆ ಕರೆಂಟಿನಲ್ಲಿ ಸ್ವರವನ್ನು ದೂರ ಕಳಿಸುವ ವ್ಯವಸ್ಥೆ. 1.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿ 100 ಮೀಟರ್ ಎಳೆದರೆ ಹೋಗಿಬರುವ ರೋಧ ಸುಮಾರು 2.3 ಓಮ್. 4 ಓಮ್ ಲೋಡಿದ್ದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಪವರ್ ತಂತಿಯಲ್ಲೇ ಸುಮ್ನೆ ಹಾಳು, ಅಲ್ವಾ? 100 ವೋಲ್ಟಿನಲ್ಲಿ 30 ವ್ಯಾಟಿನ ಒಂದು ಹಾರ್ನ್ ಸುಮಾರು 333 ಓಮ್ ಲೋಡ್. ನಷ್ಟ ಶೇಕಡಾ 1ರ ಒಳಗೆ. ಇಲ್ಲಿ ವ್ಯಾಟ್ ಕೂಡಿಸಿದರೆ ಸಾಕು: ನಾಲ್ಕು ಹಾರ್ನ್‌ಗೆ 120, ಆಂಪ್ಲಿಫೈಯರ್ 150 ಇರಲಿ. ಪ್ರತಿ ಹಾರ್ನಿಗೂ ಆ ವೋಲ್ಟೇಜ್ ಇಳಿಸುವ ಲೈನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಹಾರ್ನಿನಲ್ಲಿ ಮದ್ದಳೆಯ ತಗ್ಗಿನ ನಾದ ಬರುವುದಿಲ್ಲ. ಹಾಗಾಗಿ ಯಕ್ಷಗಾನದ ಆಟಕ್ಕೆ ನಾನು ಪೆಟ್ಟಿಗೆಯನ್ನೇ ಹೇಳುತ್ತೇನೆ, ಜಾತ್ರೆಯ ಅನೌನ್ಸ್‌ಮೆಂಟಿಗೆ ಹಾರ್ನ್.