ನಾಯಿಮರಿಗೆ ಕಾರಿನಲ್ಲಿ ಯಾವುದು ಸರಿ? ತೊಡೆ, ಬೆಲ್ಟ್ ಪಟ್ಟಿ, ಬ್ಯಾಗ್, ಕ್ರೇಟ್ ಎಲ್ಲ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಟ್ಟಿ ಪ್ಲಾಸ್ಟಿಕ್ ಕ್ರೇಟ್‌ಗೆ, ಅಂದರೆ ನಾಯಿ ಕೂರುವ ಬಾಗಿಲಿನ ಪೆಟ್ಟಿಗೆಗೆ. ಸೀಟ್ ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್ (ಎದೆಪಟ್ಟಿ) ತಗೊಂಡು ದುಡ್ಡು ಕಳೆದುಕೊಂಡೆ. ದುಡ್ಡು ಹೋಗಲಿ, ಮರಿಗೆ ಪೆಟ್ಟಾಯಿತು, ಹೆದರಿಕೆಯೂ ಆಯಿತು. ಆ ಬೇಜಾರು ಇನ್ನೂ ಇದೆ. ಹೊಸದಾಗಿ ಮರಿ ತರುವವರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮುಧೋಳ ತಳಿಯ ಹೆಣ್ಣು ಮರಿ. ಹೆಸರು ಚಿಗರಿ. ಕೊಪ್ಪಳದ ಹತ್ತಿರ ಅಣ್ಣನ ಹೊಲದ ಮನೆಯಲ್ಲಿ ಹುಟ್ಟಿದ್ದು. ಎಂಟು ವಾರ ತುಂಬಿದ ಮೇಲೆ, ಫೆಬ್ರವರಿ ಕೊನೆಗೆ, ಬಳ್ಳಾರಿಗೆ ತಂದೆವು. ಅಮ್ಮ ಕೊಪ್ಪಳದಲ್ಲಿದ್ದಾರೆ, ತಿಂಗಳಿಗೆ ಎರಡು ಸಲ ನಾನು ಹೋಗಲೇಬೇಕು. ಅಷ್ಟು ಸಣ್ಣ ಮರಿಯನ್ನು ಮನೆಯಲ್ಲಿ ಒಂದನ್ನೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕುಡತಿನಿ, ತೋರಣಗಲ್ಲು, ಹೊಸಪೇಟೆ, ಗಿಣಿಗೇರಾ ದಾಟಿ ಕೊಪ್ಪಳ. ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮರಿ ಜೊತೆಗಿದ್ದರೆ ನಿಲ್ಲಿಸಿ ನಿಲ್ಲಿಸಿ ಎರಡೂವರೆ ಗಂಟೆ ಬೇಕು. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಓಡಿಸುವುದು ನಾನು.

ತಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತ್ತಲ್ಲ, ಅದರ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟ, ಕಿರಿದಾದ ತಲೆ. ಮೈಮೇಲೆ ಕೊಬ್ಬಿಲ್ಲ. ಕೂದಲು ಗಿಡ್ಡ, ಚರ್ಮ ತೆಳು. ಕೊರಳಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಗುಂಡಗಿನ ಲ್ಯಾಬ್ರಡಾರ್ ಮರಿಗೆ ಸರಿಹೋದದ್ದು ಇದಕ್ಕೂ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಮನೆಗೆ ತಂದ ದಿನ ಮಗನ ತೊಡೆಯ ಮೇಲೆ ಬಂತು. ಎಲ್ಲರೂ ಹಾಗೇ ತರುತ್ತಾರೆ ಅಲ್ವಾ? ಹೊರಡುವಾಗ ಅಮ್ಮ ಪ್ರೀತಿಯಿಂದ ಒಂದು ಬಟ್ಟಲು ಆಕಳ ಹಾಲು ಕುಡಿಸಿದ್ದರು. ಗಿಣಿಗೇರಾ ದಾಟುವುದರೊಳಗೆ ಮರಿ ಆಕಳಿಸಲು ಶುರು ಮಾಡಿತು. ನಿದ್ದೆ ಬಂದಿದೆ ಅಂದುಕೊಂಡೆವು. ಆಮೇಲೆ ತುಟಿ ನೆಕ್ಕಿತು. ಆಮೇಲೆ ಜೊಲ್ಲು, ಎಳೆಯಾಗಿ ಮಗನ ಪ್ಯಾಂಟಿನ ಮೇಲೆ ಇಳಿಯಿತು. ಹೊಸಪೇಟೆ ಬರುವಷ್ಟರಲ್ಲಿ ಹಾಲೆಲ್ಲ ಹೊರಗೆ ಬಂತು. ಮಗ ಗಾಬರಿಯಾಗಿ ಕೈ ಬಿಟ್ಟ, ಮರಿ ನನ್ನ ಸೀಟಿನ ಕೆಳಗೆ ನುಗ್ಗಿತು. ನನ್ನ ಕಾಲು ಬ್ರೇಕಿನ ಮೇಲೆ, ಮರಿಯ ಮೂತಿ ನನ್ನ ಹಿಮ್ಮಡಿಯ ಹತ್ತಿರ. ಗಾಡಿಯನ್ನು ಬದಿಗೆ ಹಾಕುವವರೆಗೆ ನನ್ನ ಜೀವ ಕೈಯಲ್ಲಿತ್ತು. ತೊಡೆಯ ವಿಷಯ ನಮಗೆ ಅಂದೇ ಮುಗಿಯಿತು.

ಪಶುವೈದ್ಯರು ಆಮೇಲೆ ವಿವರಿಸಿದರು. ಸಣ್ಣ ಮರಿಗಳಿಗೆ ಕಿವಿಯೊಳಗಿನ ಸಮತೋಲನದ ಭಾಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ ಕಾರಿನಲ್ಲಿ ವಾಂತಿ ಜಾಸ್ತಿ. ಒಂದು ವರ್ಷದ ಹೊತ್ತಿಗೆ ಬಹಳಷ್ಟು ನಾಯಿಗಳಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಆಕಳಿಕೆ, ತುಟಿ ನೆಕ್ಕುವುದು, ಜೊಲ್ಲು, ಇವೆಲ್ಲ ಮುನ್ಸೂಚನೆ. ಹೊರಡುವ ಎರಡು ಮೂರು ಗಂಟೆ ಮೊದಲು ಊಟ ಮುಗಿಸಿರಬೇಕು. ಹಾಗಂತ ಇಡೀ ದಿನ ಉಪವಾಸ ಹಾಕಬಾರದು, ಎಳೆಯ ಮರಿಗಳಿಗೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಆಕಳ ಹಾಲಂತೂ ಬೇಡ, ಬಹಳ ಮರಿಗಳಿಗೆ ಅದರಿಂದ ಭೇದಿಯಾಗುತ್ತದೆ.

ರಟ್ಟಿನ ಡಬ್ಬಿ ಒಂದು ಸಲ ನೋಡಿದೆ. ಉಚ್ಚೆ ಹೊಯ್ದ ಕೂಡಲೇ ತಳ ಮೆತ್ತಗಾಗಿ ಕಿತ್ತು ಬಂತು. ಅಷ್ಟೇ.

ಆಮೇಲೆ ಆನ್‌ಲೈನ್‌ನಲ್ಲಿ ಹಾರ್ನೆಸ್ ತರಿಸಿದೆ. ಎದೆಗೆ ಹಾಕುವ ಪಟ್ಟಿ, ಅದರ ಬೆನ್ನಿನ ಉಂಗುರಕ್ಕೆ ಒಂದು ನೈಲಾನ್ ಪಟ್ಟಿ, ಆ ಪಟ್ಟಿಯ ಇನ್ನೊಂದು ತುದಿ ಕಾರಿನ ಬೆಲ್ಟ್ ಬಕಲ್‌ಗೆ. ಎರಡೂ ಸೇರಿ 900 ರೂಪಾಯಿ. ಮನುಷ್ಯರಿಗೆ ಬೆಲ್ಟ್ ಇದ್ದ ಹಾಗೆ ನಾಯಿಗೂ ಒಂದು ಬೆಲ್ಟ್, ಇದಕ್ಕಿಂತ ಒಳ್ಳೆಯದು ಏನಿದೆ ಅನ್ನಿಸಿತು.

ತೊಂದರೆ ಇದ್ದದ್ದು ಆ ಪಟ್ಟಿಯ ಉದ್ದದಲ್ಲಿ. ಗಿಡ್ಡ ಮಾಡಿದರೆ ಮರಿಗೆ ಮಲಗಲು ಬರುವುದಿಲ್ಲ. ಕೂತೇ ಇರಬೇಕು, ಬೆನ್ನಿನ ಉಂಗುರ ಹಿಂದಕ್ಕೆ ಜಗ್ಗುತ್ತಿರುತ್ತದೆ. ದಿನದ ಮುಕ್ಕಾಲು ಭಾಗ ನಿದ್ದೆ ಮಾಡುವ ವಯಸ್ಸು ಅದು. ಕುಡತಿನಿ ಮುಟ್ಟುವ ಮೊದಲೇ ತೂಕಡಿಸಿ ತಲೆ ಜೋಲುತ್ತಿತ್ತು. ಪಾಪ ಅನ್ನಿಸಿ ಪಟ್ಟಿ ಉದ್ದ ಮಾಡಿದೆವು. ಉದ್ದ ಮಾಡಿದರೆ ಸುತ್ತಿಕೊಳ್ಳುತ್ತದೆ. ನಾಯಿಮರಿ ಮಲಗುವ ಮೊದಲು ಇದ್ದಲ್ಲೇ ಗಿರಗಿರ ತಿರುಗುವುದನ್ನು ನೋಡಿರುತ್ತೀರಿ. ಒಂದು ಸುತ್ತಿಗೆ ಪಟ್ಟಿ ಹೊಟ್ಟೆಯ ಕೆಳಗೆ ಬಂತು. ಇನ್ನೊಂದು ಸುತ್ತಿಗೆ ಹಿಂಗಾಲಿಗೆ ಬಂತು. ಮಗ ಎರಡು ಸಲ ಬಿಡಿಸಿದ. ಮೂರನೇ ಸಲ ಅವನಿಗೂ ಕಣ್ಣು ಹತ್ತಿತ್ತು.

ತೋರಣಗಲ್ಲಿನ ಹತ್ತಿರ ಲಾರಿಗಳು ಎಷ್ಟು ಅಂತ ಆ ಕಡೆ ಓಡಾಡುವವರಿಗೆ ಗೊತ್ತು. ಮುಂದಿನ ಲಾರಿ ಏಕಾಏಕಿ ನಿಂತಿತು. ನಾನು ಬ್ರೇಕ್ ಹಾಕಿದೆ. ಜೋರಾಗೇನೂ ಅಲ್ಲ, ದಿನಾ ಹಾಕುವಂಥದ್ದೇ. ಹಿಂದಿನಿಂದ ಒಂದು ಚೀರು ಕೇಳಿಸಿತು. ಅಂಥ ದನಿ ಚಿಗರಿಯಿಂದ ಮತ್ತೆ ಯಾವತ್ತೂ ಕೇಳಿಲ್ಲ. ಸೀಟಿನಿಂದ ಜಾರಿ ಕಾಲಿಡುವ ಜಾಗಕ್ಕೆ ಬಿದ್ದಿತ್ತು. ಪೂರ್ತಿ ಬಿದ್ದಿರಲೂ ಇಲ್ಲ. ಎದೆಯ ಪಟ್ಟಿಗೆ ನೇತಾಡುತ್ತಿತ್ತು, ಬಲ ಹಿಂಗಾಲು ಪಟ್ಟಿಯ ಸುತ್ತಿನಲ್ಲಿ ಸಿಕ್ಕಿ ಮೇಲೆ ಉಳಿದಿತ್ತು. ತೊಡೆಗೆ ಎಷ್ಟು ಬಿಗಿದಿತ್ತು ಅಂದರೆ ಒಳಗೆ ಕಿರುಬೆರಳೂ ಹೋಗಲಿಲ್ಲ. ನಮ್ಮ ಮನೆಯವರು ಮುಂದಿನ ಸೀಟಿನಿಂದ ಬಾಗಿ ಮರಿಯನ್ನು ಎತ್ತಿ ಹಿಡಿದರು, ಮಗ ಬಕಲ್‌ನ ಕೆಂಪು ಗುಂಡಿ ಒತ್ತಿದ. ಬಿಡಿಸಿದ ಮೇಲೆ ನೋಡಿದರೆ ತೊಡೆಯ ತೆಳು ಚರ್ಮದ ಮೇಲೆ ನೈಲಾನಿನ ನೇಯ್ಗೆ ಗೆರೆಗೆರೆಯಾಗಿ ಅಚ್ಚೊತ್ತಿತ್ತು. ಮೂಳೆಗೆ ಏನೂ ಆಗಿಲ್ಲ ಅಂತ ವೈದ್ಯರು ಹೇಳುವವರೆಗೆ ನನಗೆ ಸಮಾಧಾನ ಇರಲಿಲ್ಲ. ಎರಡು ದಿನ ಕುಂಟಿತು. ಎರಡು ವಾರ ಕಾರಿನ ಬಾಗಿಲು ತೆಗೆದರೆ ಸಾಕು, ಮಂಚದ ಕೆಳಗೆ ಹೋಗುತ್ತಿತ್ತು.

ಇಷ್ಟಾದರೂ ಇನ್ನೊಂದು ಸಲ ಅದನ್ನೇ ಹಾಕಿ ನೋಡಿದೆ, ದುಡ್ಡು ಕೊಟ್ಟಾಗಿದೆಯಲ್ಲ ಅಂತ. ಪಟ್ಟಿ ಗಿಡ್ಡ ಮಾಡಿ, ಕಾಲಿಡುವ ಜಾಗಕ್ಕೆ ದಿಂಬು ತುರುಕಿ, ಸೀಟಿನಷ್ಟೇ ಎತ್ತರ ಮಾಡಿದೆ. ಈ ಸಲ ಮರಿ ತಾನೇ ಕಾಲಲ್ಲಿ ತುಳಿದು ಕೆಂಪು ಗುಂಡಿ ಒತ್ತಿಬಿಟ್ಟಿತು. ನಮಗೆ ಗೊತ್ತಾಗಿದ್ದು ಅದರ ಮೂಗು ಗೇರಿನ ಹತ್ತಿರ ಬಂದಾಗ. ಜೊತೆಗೆ ಹಾರ್ನೆಸ್ ಅಳತೆಯೂ ಹೊಂದಲಿಲ್ಲ. ಎದೆಗೆ ಸರಿಯಾದರೆ ಕತ್ತಿಗೆ ಸಡಿಲ. ವಾರ ವಾರ ಬೆಳೆಯುವ ಮರಿಗೆ ಇವತ್ತು ಸರಿ ಮಾಡಿದ್ದು ಮುಂದಿನ ವಾರಕ್ಕೆ ಬಿಗಿ.

ಹಾರ್ನೆಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಳೆದ ನಾಯಿಗೆ, ಸುಮ್ಮನೆ ಮಲಗುವ ಅಭ್ಯಾಸ ಇರುವ ನಾಯಿಗೆ, ಎದೆಯ ಭಾಗ ಅಗಲವಾಗಿ ಮೆತ್ತೆ ಇರುವಂಥದ್ದು ಚೆನ್ನಾಗಿಯೇ ಇರುತ್ತದೆ. ಯಾವ ಕಾರಣಕ್ಕೂ ಆ ಪಟ್ಟಿಯನ್ನು ಕೊರಳಪಟ್ಟಿಗೆ ಸಿಕ್ಕಿಸಬೇಡಿ. ನಮಗಾದದ್ದು ಎದೆಯ ಬದಲು ಕತ್ತಿಗೆ ಆಗಿದ್ದರೆ ಮರಿ ಉಳಿಯುತ್ತಿರಲಿಲ್ಲ.

ಬಟ್ಟೆಯ ಕ್ಯಾರಿಯರ್ ಬ್ಯಾಗ್ ಪರಿಚಯದವರೊಬ್ಬರು ಕೊಟ್ಟಿದ್ದು, ಅವರ ಬೆಕ್ಕಿನದು. ಹಗುರ, ಎಲ್ಲಿ ಬೇಕಾದರೂ ಹಿಡಿಯುತ್ತದೆ. ಆದರೆ ಗಾಳಿ ಆಡುವುದು ಎರಡು ಬದಿಯ ಜಾಲರಿಯಿಂದ ಮಾತ್ರ. ಒಳಗೆ ಕೈ ಇಟ್ಟು ನೋಡಿದೆ, ಬಿಸಿ. ಮಾರ್ಚ್‌ನಲ್ಲೇ ಹೀಗಾದರೆ ಏಪ್ರಿಲ್ ಮೇನಲ್ಲಿ ಬಳ್ಳಾರಿ ಬಿಸಿಲಿಗೆ ಏನು ಕಥೆ? ಮೂರು ವಾರಕ್ಕೆ ಮರಿಯ ಕಾಲು ಮಡಚಲೂ ಜಾಗ ಸಾಲಲಿಲ್ಲ. ವಾಪಸ್ ಕೊಟ್ಟೆ.

ಕೊನೆಗೆ ಕ್ರೇಟ್. 30 ಇಂಚಿನದು, ಗಟ್ಟಿ ಪ್ಲಾಸ್ಟಿಕ್, ಮುಂದೆ ಕಂಬಿಯ ಬಾಗಿಲು, ಮೂರು ಕಡೆ ಗಾಳಿಗೆ ತೂತು. 4,200 ರೂಪಾಯಿ. 24 ಇಂಚಿನದು ಅಗ್ಗ ಇತ್ತು, ಆದರೆ ಈ ತಳಿ ಬೆಳೆಯುವ ವೇಗಕ್ಕೆ ಅದು ಹೆಚ್ಚು ದಿನ ಬರುವುದಿಲ್ಲ. ದೊಡ್ಡದು ತಗೊಂಡು ಹಿಂದಿನ ಅರ್ಧಕ್ಕೆ ಹಳೆಯ ಕಂಬಳಿ ಸುತ್ತಿ ಇಟ್ಟೆ. ಮರಿಗೆ ಎದ್ದು ನಿಲ್ಲಲು, ತಿರುಗಲು, ಮಲಗಲು ಜಾಗ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬ್ರೇಕ್ ಹಾಕಿದಾಗ ಒಳಗೇ ಉರುಳುತ್ತದೆ. ಬೆಳೆದಂತೆಲ್ಲ ಕಂಬಳಿ ತೆಗೆಯುತ್ತಾ ಹೋದೆ.

ಹಿಂದಿನ ಸೀಟಿನ ಮೇಲೆ ಅಡ್ಡವಾಗಿ ಇಟ್ಟು, ಕಾರಿನ ಬೆಲ್ಟನ್ನು ಅದರ ಮೈಸುತ್ತ ಬಿಗಿಯುತ್ತೇನೆ. ಮುಂದಿನ ಸೀಟಿನಲ್ಲಿ ಇಡಬಾರದು, ಏರ್‌ಬ್ಯಾಗ್ ಇರುತ್ತದೆ. ಡಿಕ್ಕಿಯಲ್ಲೂ ಬೇಡ, ಏಸಿ ಗಾಳಿ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಕ್ರೇಟ್‌ನ ಎರಡು ಬದಿಗೆ ತೆಳುವಾದ ಹತ್ತಿ ಬಟ್ಟೆ ಇಳಿಬಿಡುತ್ತೇನೆ, ಬಾಗಿಲ ಕಡೆ ತೆರೆದೇ ಇರುತ್ತದೆ. ಹೊರಗೆ ಓಡುವ ಮರ ಗಿಡ ಕಾಣದಿದ್ದರೆ ವಾಂತಿ ಎಷ್ಟೋ ಕಡಿಮೆ. ಮೊದಲ ಪ್ರಯಾಣದಲ್ಲಿ ಜೊಲ್ಲು ಬಂತು, ವಾಂತಿ ಆಗಲಿಲ್ಲ. ಮೂರನೆಯದರಲ್ಲಿ ಜೊಲ್ಲೂ ಇಲ್ಲ. ತೋರಣಗಲ್ಲು ಬರುವ ಮೊದಲೇ ನಿದ್ದೆ.

ಆದರೆ ಕ್ರೇಟ್ ತಂದ ದಿನವೇ ಒಳಗೆ ತಳ್ಳಿ ಹೊರಟಿದ್ದರೆ ಇದು ಆಗುತ್ತಿರಲಿಲ್ಲ. ಒಂದು ವಾರ ಅದು ನಮ್ಮ ಪಡಸಾಲೆಯಲ್ಲಿ ಬಾಗಿಲು ತೆರೆದುಕೊಂಡೇ ಇತ್ತು. ಊಟದ ತಟ್ಟೆ ಅದರೊಳಗೇ ಇಡುತ್ತಿದ್ದೆ. ತಾನಾಗಿಯೇ ಹೋಗಿ ಮಲಗಲು ಶುರು ಮಾಡಿದ ಮೇಲೆ ಬಾಗಿಲು ಹಾಕಿದ್ದು, ಅದೂ ಐದು ನಿಮಿಷ. ಆಮೇಲೆ ನಿಂತ ಕಾರಿನಲ್ಲಿ. ಆಮೇಲೆ ಎಂಜಿನ್ ಚಾಲೂ ಮಾಡಿ. ಆಮೇಲೆ ಗಾಂಧಿನಗರದ ನಮ್ಮ ಮನೆಯಿಂದ ರಾಯಲ್ ಸರ್ಕಲ್‌ವರೆಗೆ ಹೋಗಿ ಬರುವುದು. ಕಾರಿಗೆ ಹೆದರಿದ ಮರಿಗೆ ಇದೇ ಮದ್ದಾಯಿತು.

ಕ್ರೇಟ್‌ನ ಕಿರಿಕಿರಿಗಳೂ ಇವೆ. ಸೀಟಿಗೆ ಏರಿಸುವಾಗ ಓರೆ ಮಾಡದೆ ಕಾರಿನ ಬಾಗಿಲಲ್ಲಿ ತೂರುವುದಿಲ್ಲ, ಅದಕ್ಕೇ ಮೊದಲು ಖಾಲಿ ಕ್ರೇಟ್ ಇಟ್ಟು ಆಮೇಲೆ ಮರಿ. ರಸ್ತೆ ಕೆಟ್ಟಿದ್ದ ಕಡೆ ಕಂಬಿ ಬಾಗಿಲು ಕಟಕಟ ಅನ್ನುತ್ತದೆ, ಬಟ್ಟೆಯ ತುಂಡು ಸಿಕ್ಕಿಸಿದರೆ ನಿಲ್ಲುತ್ತದೆ. ಹಿಂದೆ ಇನ್ನೊಬ್ಬರಿಗಷ್ಟೇ ಜಾಗ. ತಳ ಗಟ್ಟಿ, ಎಲುಬು ಎದ್ದು ಕಾಣುವ ಈ ಮರಿಗೆ ಒತ್ತುತ್ತದೆ. ಉಚ್ಚೆ ಹೊಯ್ದರೆ ತಳದ ಅಂಚಿನ ಕಾಲುವೆಯಲ್ಲಿ ನಿಂತು, ಮರಿ ಅದರಲ್ಲೇ ಮಲಗುತ್ತದೆ.

ಇದಕ್ಕೆ ಪರಿಹಾರ ಕೊಟ್ಟವರು ಅಮ್ಮ. ಮೊದಲ ಸಲ ಕ್ರೇಟ್ ನೋಡಿದಾಗ ಅವರಿಗೆ ಸಿಟ್ಟು ಬಂದಿತ್ತು. "ಏನವಾ, ಅದೂ ಒಂದು ಕೂಸಲ್ಲೇನು? ಡಬ್ಬ್ಯಾಗ ತುಂಬ್ಕೊಂಡ್ ಬಂದೀಯಲ್ಲ" ಅಂದರು. ಚಿಗರಿ ಇಳಿದು ನೀರು ಕುಡಿದು ಮತ್ತೆ ಅದೇ ಡಬ್ಬಿಗೆ ಹೋಗಿ ಮಲಗಿದ್ದನ್ನು ನೋಡಿ ಸುಮ್ಮನಾದರು. ಮುಂದಿನ ಸಲ ಹೋದಾಗ ಹಳೆಯ ಸೀರೆಗಳನ್ನು ಹಾಕಿ ಕ್ರೇಟ್‌ನ ತಳದ ಅಳತೆಗೆ ಎರಡು ಪುಟ್ಟ ಕೌದಿ ಹೊಲಿದು ಇಟ್ಟಿದ್ದರು. ಕೆಳಗೆ ಪೇಪರ್, ಮೇಲೆ ಕೌದಿ. ಒಂದು ಒದ್ದೆಯಾದರೆ ಇನ್ನೊಂದು. ನಮ್ಮ ಬಿಸಿಲಿಗೆ ತೊಳೆದ ಕೌದಿ ಮಧ್ಯಾಹ್ನದೊಳಗೆ ಗರಿಗರಿ.

ಬಿಸಿಲಿನ ಮಾತು ಬಂತಲ್ಲ. ಯಾವುದರಲ್ಲಿ ಕೂರಿಸಿದರೂ ಸರಿ, ನಿಂತ ಕಾರಿನಲ್ಲಿ ಮರಿಯನ್ನು ಬಿಟ್ಟು ಹೋಗಬೇಡಿ. ಹತ್ತು ನಿಮಿಷಕ್ಕೆ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ. ಹೊರಗೇ 40 ಇದ್ದರೆ ಲೆಕ್ಕ ಹಾಕಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಗಾಜು ಎರಡು ಬೆರಳಷ್ಟು ಇಳಿಸಿದರೂ ಪ್ರಯೋಜನ ಇಲ್ಲ. ನಾವು ಬೆಳಿಗ್ಗೆ ಐದೂವರೆಗೆ ಹೊರಡುತ್ತೇವೆ. ದಾರಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುವುದಿದ್ದರೆ ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತೇವೆ.

ಲಸಿಕೆ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಢಾಬಾದ ಹತ್ತಿರ ನೆಲಕ್ಕೆ ಬಿಡಲೇ ಇಲ್ಲ. ಮರಿಗಳ ಜೀವಕ್ಕೇ ಕುತ್ತಾಗುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸಪೇಟೆಯಲ್ಲಿ ಚಿಕ್ಕಮ್ಮನ ಮನೆ ಇರುವುದರಿಂದ ಅವರ ಮಾಳಿಗೆಯ ಮೇಲೆ ಬಿಟ್ಟು, ಉಚ್ಚೆ ಆದ ಮೇಲೆ ಮುಂದೆ ಹೋಗುತ್ತಿದ್ದೆವು.

ವೈದ್ಯರ ಹತ್ತಿರಕ್ಕೆ, ಊರೊಳಗೆ ಎರಡು ಕಿಲೋಮೀಟರ್ ಅಷ್ಟೇ ಓಡಾಟ ಅಂದರೆ 4,200 ಹಾಕಬೇಡಿ. ಗಾಳಿಯಾಡುವ ಬ್ಯಾಗ್ ಸಾಕು. ನನ್ನ ಹಾಗೆ ತಿಂಗಳಿಗೆ ಎರಡು ಸಲ ಹೆದ್ದಾರಿ ಹಿಡಿಯುವವರು ಹಾರ್ನೆಸ್ಸಿನ 900 ಉಳಿಸಿ ಮೊದಲೇ ಕ್ರೇಟ್‌ಗೆ ಸೇರಿಸಿ. ನಮಗೆ ಕ್ರೇಟ್ ಹತ್ತು ವಾರ ಬಂತು. ಚಿಗರಿಗೆ ಈಗ ಐದು ತಿಂಗಳು, ನಿಂತರೆ ಬೆನ್ನು ಅದರ ಮೇಲ್ಛಾವಣಿಗೆ ತಾಗುತ್ತದೆ. ಇದಕ್ಕಿಂತ ದೊಡ್ಡ ಕ್ರೇಟ್ ನಮ್ಮ ಕಾರಿಗೆ ಹಿಡಿಯುವುದಿಲ್ಲ. ಹಾಗಾಗಿ ಮತ್ತೆ ಹಾರ್ನೆಸ್, ಈ ಸಲ ಎದೆ ಸುತ್ತಳತೆ ಟೇಪು ಹಿಡಿದು ನೋಡಿ ತಗೊಂಡ ಅಗಲದ್ದು. ಕೌದಿ ಹಾಸಿದರೆ ಮಲಗಬೇಕು ಅಂತ ಅದಕ್ಕೆ ಈಗ ಗೊತ್ತಿದೆ, ಸೀಟಿನ ಮೇಲೂ ಅದನ್ನೇ ಹಾಸುತ್ತೇನೆ. ಬಕಲ್‌ನ ಕೆಂಪು ಗುಂಡಿಗೆ ಕಾಲು ತಾಗದ ಹಾಗೆ ಬದಿಗೆ ಒಂದು ದಿಂಬು ಇಡುತ್ತೇನೆ.

ಕ್ರೇಟ್ ತೊಳೆದು ಒಣಗಿಸಿ ಇಟ್ಟಿದ್ದೇನೆ. ಅಣ್ಣನ ಹೊಲದಲ್ಲಿ ಮುಂದಿನ ಸಲ ಮರಿ ಹಾಕಿದಾಗ ಒಂದನ್ನು ಚಿಕ್ಕಮ್ಮನ ಮಗ ತರುತ್ತಾನಂತೆ. ಮೊದಲು ಬಂದು ಕ್ರೇಟ್ ಒಯ್ಯಿ, ನಿನ್ನ ವಾಸನೆ ಹಿಡಿಯುವ ಹಾಗೆ ಒಂದು ವಾರ ನಿನ್ನ ಅಂಗಿ ಒಂದನ್ನು ಅದರೊಳಗೆ ಹಾಕಿಡು, ಆಮೇಲೆ ಮರಿ ತರಲು ಹೋಗು ಅಂತ ಹೇಳಿದ್ದೇನೆ.