ಕೊಡಗಿನಲ್ಲಿ ಅಕ್ವೇರಿಯಂ ಇಡುವವರೇ, ಫಿಲ್ಟರ್ ಕೊಳ್ಳುವ ಮೊದಲು ಮಳೆಗಾಲದ ಕರೆಂಟ್ ನೆನಪಿಟ್ಟುಕೊಳ್ಳಿ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಿರುವವರಿಗೆ, ಇಡಬೇಕು ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಫಿಲ್ಟರ್ ತೆಗೆದುಕೊಳ್ಳುವಾಗ ಎಲ್ಲರೂ ನೋಡುವುದು ಡಬ್ಬದ ಮೇಲಿನ ಅಂಕಿ. ಗಂಟೆಗೆ ಎಷ್ಟು ಲೀಟರ್, ಎಷ್ಟು ಹಂತ, ಯುವಿ ದೀಪ ಇದೆಯೋ ಇಲ್ಲವೋ. ನಮ್ಮ ಜಿಲ್ಲೆಯಲ್ಲಿ ಅದೆಲ್ಲಕ್ಕಿಂತ ಮೊದಲು ಬೇರೊಂದು ಪ್ರಶ್ನೆ ಕೇಳಬೇಕು. ಇಡೀ ಒಂದು ದಿನ ಕರೆಂಟ್ ಬರದಿದ್ದರೆ ಈ ಫಿಲ್ಟರ್ ಒಳಗೆ ಏನಾಗುತ್ತದೆ? ನಾವು ಇದನ್ನು ಕೇಳಿದ್ದೆವು. ಅಂಗಡಿಯಲ್ಲಿ ಸಿಕ್ಕಿದ ಉತ್ತರ ತಪ್ಪಾಗಿತ್ತು. ಅದರಿಂದ ನಮ್ಮ ಮನೆಯ ಮುಕ್ಕಾಲು ಪಾಲು ಮೀನು ಒಂದೇ ರಾತ್ರಿಯಲ್ಲಿ ಸತ್ತವು.

ನಮ್ಮದು ನಾಪೋಕ್ಲು ಕಡೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಲ್ಲಿಯ ಕರೆಂಟ್ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿ ಜೋರಾದರೆ ಎಲ್ಲಾದರೂ ಒಂದು ಸಿಲ್ವರ್ ಮರ ತಂತಿಯ ಮೇಲೆ ಬಿದ್ದೇ ಬೀಳುತ್ತದೆ. ಲೈನ್‌ಮನ್‌ಗಳು ಪಾಪ, ಜಡಿಮಳೆಯಲ್ಲೇ ಕಂಬ ಹತ್ತುತ್ತಾರೆ. ಆದರೂ ತೋಟದ ಒಳಗಿನ ಮನೆಗಳಿಗೆ ಕರೆಂಟ್ ಬರುವುದು ಎಲ್ಲರಿಗಿಂತ ಕೊನೆಗೆ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಡಿ ಲೆಕ್ಕದಲ್ಲಿ ಮೂರನ್ನೂ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಹೀಗೆ ನಮ್ಮದು ಸುಮಾರು 250 ಲೀಟರ್. ಜಲ್ಲಿ, ಕಲ್ಲು ಕಳೆದರೆ ಇನ್ನೂ ಸ್ವಲ್ಪ ಕಮ್ಮಿ. ಮಕ್ಕಳು ಆಸೆಪಟ್ಟು ತಂದದ್ದು ಮಿಸ್ ಕೇರಳ, ಜೊತೆಗೆ ಏಂಜೆಲ್, ಕೆಲವು ಗೌರಾಮಿ. ಮಿಸ್ ಕೇರಳ ನಮ್ಮ ಪಶ್ಚಿಮ ಘಟ್ಟದ ಹೊಳೆಗಳದೇ ಮೀನು. ಮೈಮೇಲೆ ಕೆಂಪು ಗೆರೆ, ಬಾಲದಲ್ಲಿ ಹಳದಿ ಕಪ್ಪು. ಹರಿಯುವ ನೀರಿನಲ್ಲಿ ಬೆಳೆದ ಜಾತಿ, ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು.

ಇಷ್ಟು ದೊಡ್ಡ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರೇ ಬೇಕು ಎಂದರು ಅಂಗಡಿಯವರು. ತೊಟ್ಟಿಯ ಕೆಳಗೆ ಇಡುವ ಮುಚ್ಚಿದ ಡಬ್ಬ ಅದು. ಒಂದು ಪೈಪ್‌ನಲ್ಲಿ ನೀರು ಒಳಗೆ ಹೋಗುತ್ತದೆ, ಸ್ಪಾಂಜು, ಸೆರಾಮಿಕ್ ರಿಂಗ್, ಇದ್ದಿಲು ಎಲ್ಲ ದಾಟಿ ಇನ್ನೊಂದು ಪೈಪ್‌ನಲ್ಲಿ ವಾಪಸ್ ಬರುತ್ತದೆ. ಐದು ಹಂತ, ಯುವಿ ಬೇರೆ. "ನಮ್ಮ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರೋದಿಲ್ಲ, ಆಗ ಏನು ಮಾಡೋದು?" ಎಂದು ಕೇಳಿದೆವು. "ಏನೂ ಆಗಲ್ಲ ಸಾರ್, ಕರೆಂಟ್ ಬಂದ ತಕ್ಷಣ ಅದೇ ಸ್ಟಾರ್ಟ್ ಆಗುತ್ತೆ, ನೀವು ಮುಟ್ಟೋದೇ ಬೇಡ" ಎಂದರು.

ಅದೇ ಸ್ಟಾರ್ಟ್ ಆಯಿತು. ತೊಂದರೆ ಆದದ್ದೂ ಅಲ್ಲೇ.

ಆ ಸಲ ಮಧ್ಯಾಹ್ನ ಹೋದ ಕರೆಂಟ್ ಮಾರನೇ ದಿನವೂ ಬರಲಿಲ್ಲ. ಇನ್ವರ್ಟರ್ ಸಂಜೆಯ ಹೊತ್ತಿಗೇ ಕೈಕೊಟ್ಟಿತ್ತು. ತೊಟ್ಟಿಯ ನೀರನ್ನು ಮಗ್‌ನಲ್ಲಿ ಮೊಗೆದು ಮೇಲಿನಿಂದ ಸುರಿಯುತ್ತಾ ಮನೆಯವರೆಲ್ಲ ಸರದಿಯಲ್ಲಿ ನೋಡಿಕೊಂಡೆವು. ಮೀನುಗಳು ಚೆನ್ನಾಗಿಯೇ ಇದ್ದವು. ತಡರಾತ್ರಿ ಎಲ್ಲರೂ ಮಲಗಿದ ಮೇಲೆ ಕರೆಂಟ್ ಬಂತು. ಬೆಳಿಗ್ಗೆ ಬಾಗಿಲು ತೆರೆದ ಅಮ್ಮನಿಗೆ ಮೊದಲು ಬಡಿದದ್ದು ವಾಸನೆ. ಕೊಳೆತ ಮೊಟ್ಟೆಯ ವಾಸನೆ. ಮಿಸ್ ಕೇರಳ ಒಂದೂ ಉಳಿದಿರಲಿಲ್ಲ. ಏಂಜೆಲ್‌ಗಳಲ್ಲಿ ಒಂದು ಮೂಲೆಯಲ್ಲಿ ಕಿವಿರು ಬಡಿಯುತ್ತಾ ನಿಂತಿತ್ತು, ಮಧ್ಯಾಹ್ನದೊಳಗೆ ಅದೂ ಹೋಯಿತು. ಗೌರಾಮಿಗಳು ಮಾತ್ರ ಬದುಕಿದವು. ಅವು ನೀರಿನ ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲವು.

ಡಬ್ಬದೊಳಗೆ ಏನು ನಡೆದಿತ್ತು ಅಂತ ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಮುಖ್ಯ ವಿಷಯ ಇದೇ. ಫಿಲ್ಟರ್ ಎಂದರೆ ಬರೀ ಕಸ ಹಿಡಿಯುವ ಜರಡಿ ಅಲ್ಲ. ಮೀನಿನ ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ಮೀನಿಗೆ ವಿಷ. ಸ್ಪಾಂಜು, ರಿಂಗ್‌ಗಳ ಮೇಲೆ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ಆಗಾಗ ನೀರು ಬದಲಿಸಿದರೆ ಹೋಗುತ್ತದೆ. ಈ ಎರಡೂ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು, ಅದೂ ಜಾಸ್ತಿ. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ.

ಈಗ ಮುಚ್ಚಿದ ಡಬ್ಬ ನೋಡಿ. ನಮ್ಮ ಹವೆಯಲ್ಲಿ ಒಂದು ಲೀಟರ್ ನೀರು ಹಿಡಿದಿಡುವುದು ಹೆಚ್ಚೆಂದರೆ 8-9 ಮಿಲಿಗ್ರಾಂ ಆಮ್ಲಜನಕ. ಹತ್ತು ಲೀಟರಿನ ಡಬ್ಬದಲ್ಲಿ ನೂರು ಮಿಲಿಗ್ರಾಂ ಕೂಡ ಇರುವುದಿಲ್ಲ. ಮೋಟಾರ್ ಓಡುತ್ತಿರುವಾಗ ಹೊಸ ನೀರು ಬರುತ್ತಲೇ ಇರುತ್ತದೆ, ಹಾಗಾಗಿ ತೊಂದರೆ ಇಲ್ಲ. ಮೋಟಾರ್ ನಿಂತರೆ ಇದ್ದ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲೆ ಒಳ್ಳೆಯ ಬ್ಯಾಕ್ಟೀರಿಯಾದ ಕೆಲಸ ನಿಲ್ಲುತ್ತದೆ, ಹೊತ್ತು ಹೆಚ್ಚಾದಷ್ಟೂ ಅದು ಸಾಯುವ ಸಂಭವ ಜಾಸ್ತಿ. ಫಿಲ್ಟರ್‌ನಲ್ಲಿ ಸೇರಿದ್ದ ಹೊಲಸು ಗಾಳಿಯಿಲ್ಲದೆ ಕೊಳೆಯುತ್ತದೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅಮ್ಮನಿಗೆ ಬಡಿದ ವಾಸನೆ ಅದರದೇ. ಕರೆಂಟ್ ಬಂದ ತಕ್ಷಣ ಮೋಟಾರ್ ಆ ಇಡೀ ಡಬ್ಬದ ನೀರನ್ನು ತೊಟ್ಟಿಗೆ ಕಕ್ಕುತ್ತದೆ. ದಿನವಿಡೀ ನಾವು ಕಾಪಾಡಿಕೊಂಡ ಮೀನುಗಳನ್ನು ಕೊಂದದ್ದು ಕರೆಂಟ್ ಹೋದದ್ದಲ್ಲ, ಕರೆಂಟ್ ಬಂದದ್ದು. "ಅದೇ ಸ್ಟಾರ್ಟ್ ಆಗುತ್ತೆ" ಎಂಬುದನ್ನು ಒಂದು ಅನುಕೂಲ ಅಂತ ಹೇಳಿ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಮೀನು ಮಾರುವವರಿಗೆ ಇದು ಗೊತ್ತಿರಬೇಕು.

ಅಂಗಡಿಗೆ ಫೋನ್ ಮಾಡಿದಾಗ ಸಿಕ್ಕಿದ ಸಲಹೆ ಇನ್ನೂ ಕೆಟ್ಟದು. ಪಿಹೆಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಂಕಿ, ನೋಡಿ ಎಂದರು. ಬಣ್ಣ ನೋಡುವ ಪರೀಕ್ಷೆ ಪಟ್ಟಿಯಲ್ಲಿ 6ರ ಹತ್ತಿರ ಬಂತು. "ಕಮ್ಮಿಯಾಯ್ತು, ಅದಕ್ಕೇ ಸತ್ತಿವೆ, ಪಿಹೆಚ್ ಏರಿಸೋ ಪೌಡರ್ ಹಾಕಿ" ಎಂದರು. ಕುಶಾಲನಗರದಲ್ಲಿ ಬಹಳ ಕಾಲದಿಂದ ಮೀನು ಸಾಕುತ್ತಿರುವ ನಮ್ಮ ಭಾವನಿಗೆ ಅದೃಷ್ಟಕ್ಕೆ ಮೊದಲೇ ವಿಷಯ ಮುಟ್ಟಿತ್ತು. "ಪೌಡರ್ ಮುಟ್ಟಲೇಬೇಡ. ಅರ್ಧ ನೀರು ಬದಲಾಯಿಸು, ಡಬ್ಬದ ನೀರು ಪೂರ್ತಿ ಚೆಲ್ಲು" ಎಂದರು ಭಾವ. ಕಾರಣ ಇದು. ಪಿಹೆಚ್ ಕಮ್ಮಿ ಇರುವ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ, ಅದರಿಂದ ಮೀನಿಗೆ ಅಷ್ಟು ತೊಂದರೆ ಇಲ್ಲ. ಪಿಹೆಚ್ ಒಂದು ಅಂಕಿ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತಿರುವ ತೊಟ್ಟಿಗೆ ಆ ಪೌಡರ್ ಸುರಿದಿದ್ದರೆ ಗೌರಾಮಿಗಳೂ ಉಳಿಯುತ್ತಿರಲಿಲ್ಲ.

ಕ್ಯಾನಿಸ್ಟರ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಕರೆಂಟ್ ಕೈಕೊಡದ ಊರಲ್ಲಿ, ದೊಡ್ಡ ತೊಟ್ಟಿಗೆ ಅದು ಒಳ್ಳೆಯದೇ. ಈಗಾಗಲೇ ಇಟ್ಟುಕೊಂಡಿರುವವರು ಇಷ್ಟು ಮಾಡಿ. ಕರೆಂಟ್ ಹೋದ ಕೂಡಲೇ ಅದರ ಪ್ಲಗ್ ಕಿತ್ತುಬಿಡಿ. ತಾನಾಗಿ ಸ್ಟಾರ್ಟ್ ಆಗಲು ಬಿಡಲೇಬೇಡಿ. ಒಂದೆರಡು ಗಂಟೆಯಲ್ಲಿ ಬರುವ ಲಕ್ಷಣ ಇಲ್ಲ ಎಂದರೆ ಡಬ್ಬ ತೆರೆದು, ರಿಂಗ್, ಸ್ಪಾಂಜುಗಳನ್ನು ಬಲೆಯ ಚೀಲದಲ್ಲಿ ಹಾಕಿ ತೊಟ್ಟಿಯೊಳಗೇ ಇಳಿಬಿಡಿ. ಅಲ್ಲಿ ಅವಕ್ಕೆ ಸ್ವಲ್ಪವಾದರೂ ಆಮ್ಲಜನಕ ಸಿಗುತ್ತದೆ. ತೆರೆಯಲು ಆಗದೆ ತಡವಾಗಿದ್ದರೆ, ಪುನಃ ಹಚ್ಚುವ ಮೊದಲು ಡಬ್ಬದ ನೀರು ಪೂರ್ತಿ ಚೆಲ್ಲಿ, ಒಳಗಿನದನ್ನೆಲ್ಲ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಅದ್ದಿ ತೊಳೆಯಿರಿ. ವಾಸನೆ ಬಂದಿದ್ದರೆ ಬ್ಯಾಕ್ಟೀರಿಯಾ ಸತ್ತಿದೆ ಎಂದೇ ತಿಳಿಯಿರಿ. ಮುಂದಿನ ಕೆಲವು ವಾರ ಆಹಾರ ಕಮ್ಮಿ ಮಾಡಿ, ಅಮೋನಿಯಾ ಪರೀಕ್ಷೆ ಮಾಡುವ ಕಿಟ್‌ನಲ್ಲಿ ನೋಡುತ್ತಾ ನೀರು ಬದಲಿಸುತ್ತಿರಿ.

ನಾವು ಈಗ ಬಳಸುತ್ತಿರುವುದು ಸ್ಪಾಂಜ್ ಫಿಲ್ಟರ್. ತೊಟ್ಟಿಯ ಎರಡೂ ತುದಿಯಲ್ಲಿ ಒಂದೊಂದು. ಏರ್ ಪಂಪ್‌ನ ಗಾಳಿ ಕೊಳವೆಯಲ್ಲಿ ಗುಳ್ಳೆ ಗುಳ್ಳೆಯಾಗಿ ಮೇಲೇರುವಾಗ ನೀರೂ ಅದರ ಜೊತೆ ಏರುತ್ತದೆ, ಸ್ಪಾಂಜಿನ ಮೂಲಕ ಹೊಸ ನೀರು ಎಳೆದುಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ನೋಡಲು ಚೆಂದ ಇಲ್ಲ, ಗುಳುಗುಳು ಸದ್ದು ಇದೆ, ನೀರು ಕ್ಯಾನಿಸ್ಟರ್‌ನಷ್ಟು ತಿಳಿಯಾಗುವುದೂ ಇಲ್ಲ. ಆದರೆ ಸ್ಪಾಂಜು ತೊಟ್ಟಿಯ ನೀರಿನಲ್ಲೇ ತೆರೆದುಕೊಂಡು ಇರುತ್ತದೆ. ಗಾಳಿ ನಿಂತರೂ ಮುಚ್ಚಿದ ಡಬ್ಬದ ಹಾಗೆ ಬೇಗ ಕೊಳೆಯುವುದಿಲ್ಲ. ಮತ್ತೆ, ಗಾಳಿ ನಿಲ್ಲದಂತೆ ನೋಡಿಕೊಳ್ಳುವುದು ಸುಲಭ. ಸಾಮಾನ್ಯ ಏರ್ ಪಂಪ್ ತಿನ್ನುವುದು 3ರಿಂದ 5 ವ್ಯಾಟ್. ಯುಎಸ್‌ಬಿ ಏರ್ ಪಂಪ್ ಆದರೆ ಒಂದೂವರೆ ವ್ಯಾಟ್ ಆಸುಪಾಸು. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್-ಅವರ್ ಇರುತ್ತದೆ, ನಷ್ಟ ಕಳೆದರೂ ಹೆಚ್ಚುಕಮ್ಮಿ 20 ಗಂಟೆ ಓಡುತ್ತದೆ. ಖಾಲಿಯಾದರೆ ಜೀಪಿನಲ್ಲಿ ಚಾರ್ಜ್ ಮಾಡಿಕೊಳ್ಳಬಹುದು.

ಒಂದು ವಿಷಯ ಮಳೆಗೆ ಮೊದಲೇ ಪರೀಕ್ಷೆ ಮಾಡಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಮ್ಮಿ ಕರೆಂಟ್ ಎಳೆದರೆ ಏನೂ ಜೋಡಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆಯೂ ಓಡುತ್ತಿದೆಯೇ ನೋಡಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕೆಳಗೆ ಇಟ್ಟಿದ್ದರೆ ಗಾಳಿ ನಿಂತಾಗ ತೊಟ್ಟಿಯ ನೀರು ಪೈಪಿನಲ್ಲಿ ಇಳಿದು ಪಂಪಿಗೆ ಬರುತ್ತದೆ, ನೆಲಕ್ಕೂ ಸುರಿಯುತ್ತದೆ. ಈ ವಾಲ್ವ್‌ಗೆ ಚಿಲ್ಲರೆ ದುಡ್ಡು.

ಉಳಿದ ಬಗೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತೊಟ್ಟಿಯ ಮೇಲೆ ಕೂರುವ ಟಾಪ್ ಫಿಲ್ಟರ್ ಪರವಾಗಿಲ್ಲ, ಡಬ್ಬ ತೆರೆದಿರುತ್ತದೆ, ಕೈಗೆ ಸಿಗುತ್ತದೆ. ಅಂಚಿಗೆ ನೇತುಹಾಕುವ ಫಿಲ್ಟರ್‌ನಲ್ಲಿ ಕರೆಂಟ್ ಹೋಗಿ ಬಂದಾಗ ನೀರು ಎಳೆಯದೆ ಮೋಟಾರ್ ಒಣಗಿ ಓಡುವ ಸಂಭವ ಇದೆ, ಅದನ್ನು ನೋಡಿಕೊಳ್ಳಬೇಕು. ಯುವಿ ದೀಪ ನೀರಿನಲ್ಲಿ ತೇಲುವ ಪಾಚಿಯನ್ನು, ರೋಗಾಣುಗಳನ್ನು ಕಮ್ಮಿ ಮಾಡುತ್ತದೆ, ಅಮೋನಿಯಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಡಬ್ಬದ ಮೇಲಿನ ಗಂಟೆಗೆ ಇಷ್ಟು ಲೀಟರ್ ಎಂಬ ಅಂಕಿ ಸಾಮಾನ್ಯವಾಗಿ ಒಳಗೆ ಸ್ಪಾಂಜು, ರಿಂಗ್ ಏನೂ ಇಲ್ಲದಾಗಿನದು. ತುಂಬಿಸಿ ಓಡಿಸಿದರೆ ಕಮ್ಮಿಯೇ ಬರುತ್ತದೆ. ತಿಂಗಳಿಗೊಮ್ಮೆ ಸ್ಪಾಂಜ್ ಎಸೆದು ಹೊಸದು ಹಾಕಿ ಅಂದರೆ ಒಪ್ಪಬೇಡಿ. ಎಸೆಯುವುದು ಬ್ಯಾಕ್ಟೀರಿಯಾವನ್ನೇ ಅಲ್ವಾ?

ನಮ್ಮ ನೀರಿನ ಬಗ್ಗೆಯೂ ಹೇಳಲೇಬೇಕು. ಕೊಡಗಿನ ಬಾವಿ, ಒರತೆ ನೀರು ಬಹಳ ಕಡೆ ಮೆದು ನೀರು, ಸುಣ್ಣದ ಅಂಶ ಕಮ್ಮಿ. ಅಮೋನಿಯಾ ನೈಟ್ರೇಟ್ ಆಗುವ ಕೆಲಸವೇ ಆ ಅಂಶವನ್ನು ತಿನ್ನುತ್ತದೆ. ಅದು ಮುಗಿದರೆ ಪಿಹೆಚ್ ಇಳಿಯುತ್ತದೆ, 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾದ ಕೆಲಸ ತೀರಾ ನಿಧಾನವಾಗುತ್ತದೆ. ಇದಕ್ಕೆ ಪೌಡರ್ ಬೇಡ. ಆರೋಗ್ಯವಾಗಿರುವ ತೊಟ್ಟಿಯಲ್ಲಿ ಒಂದು ಹಿಡಿ ಹವಳದ ಚೂರನ್ನು ಬಟ್ಟೆ ಚೀಲದಲ್ಲಿ ಹಾಕಿಟ್ಟರೆ ನಿಧಾನವಾಗಿ ಕರಗುತ್ತಾ ಆ ಸುಣ್ಣದ ಅಂಶವನ್ನು ನೀರಿಗೆ ಕೊಡುತ್ತಾ ಇರುತ್ತದೆ. ಅಮೋನಿಯಾ ಇರುವಾಗ ಅದನ್ನೂ ಹಾಕಬೇಡಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ನೀರಿನಲ್ಲಿ ಸ್ಪಾಂಜ್ ತೊಳೆಯುವುದು ಬೇಡವೇ ಬೇಡ. ತೊಟ್ಟಿಯಿಂದ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿದರೆ ಸಾಕು.

ಸ್ಪಾಂಜ್ ಫಿಲ್ಟರ್‌ಗೆ ಬದಲಾಯಿಸಬೇಕು ಎಂದಿರುವವರು ಮಳೆ ಹಿಡಿಯುವವರೆಗೆ ಕಾಯಬೇಡಿ. ಈ ಬ್ಯಾಕ್ಟೀರಿಯಾ ಒಂದು ಎರಡಾಗಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ, ನೀರು ತಣ್ಣಗಾದಷ್ಟೂ ಇನ್ನೂ ನಿಧಾನ. ಹೊಸ ಸ್ಪಾಂಜು ಪೂರ್ತಿ ತಯಾರಾಗಲು ನಾಲ್ಕರಿಂದ ಆರು ವಾರ ಬೇಕು. ಏಪ್ರಿಲ್‌ನಲ್ಲೇ ತಂದು ಹಳೇ ಫಿಲ್ಟರ್ ಜೊತೆಗೆ ಅದೇ ತೊಟ್ಟಿಯಲ್ಲಿ ಓಡಿಸಿ. ಜೂನ್‌ಗೆ ಹಳೆಯದನ್ನು ನಿಲ್ಲಿಸಿ, ಅದರ ರಿಂಗ್‌ಗಳನ್ನು ಎಸೆಯದೆ ಚೀಲದಲ್ಲಿ ಕಟ್ಟಿ ಸ್ಪಾಂಜಿನ ಪಕ್ಕದಲ್ಲೇ ಇಡಿ. ಅಲ್ಲಿಂದ ಒಂದು ವಾರ ದಿನ ಬಿಟ್ಟು ದಿನ ಅಮೋನಿಯಾ ನೋಡಿ. ಕಿಟ್ ಸೊನ್ನೆ ತೋರಿಸುತ್ತಿದ್ದರೆ ಕ್ಯಾನಿಸ್ಟರ್ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿ.