ಮೂರು ವಾರದ ಹೆಬ್ಬಾವು ಮರಿಗೆ ಅಡ್ವಾನ್ಸ್ ಹಾಕುವ ಮುಂಚೆ ಇದನ್ನು ಓದಿ

ಹೋದ ವಾರ ಹಾಸನದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಗ್ರೀನ್ ಟ್ರೀ ಪೈಥಾನ್, ಅದೇ ಮರದ ಮೇಲಿರೋ ಹಸಿರು ಹೆಬ್ಬಾವು, ಅದರ ಮರಿ ಸಿಗ್ತಾ ಇದೆ. ಮೂರು ವಾರದ್ದು. ದೊಡ್ಡದಕ್ಕಿಂತ ಅರ್ಧ ರೇಟು. ತಗೊಳ್ಳಲಾ?" ಅಂತ ಕೇಳಿದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. 2024ರ ಜೂನ್‌ನಲ್ಲಿ ನಾನೂ ಅಂಥದ್ದೇ ಒಂದು ಮರಿ ತಂದಿದ್ದೆ. ಯಾರನ್ನೂ ಕೇಳಿರಲಿಲ್ಲ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಅದು ಬದುಕಿದ್ದು 47 ದಿನ.

ಬೆಂಗಳೂರಿನ ಒಬ್ಬ ಮಾರಾಟಗಾರ ಕಳಿಸಿದ್ದ. ಒಂದು ಅಡಿ ಉದ್ದ, ನಿಂಬೆಹಣ್ಣಿನ ಬಣ್ಣ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಬರೀ 10 ಗ್ರಾಂ. ಈ ಜಾತಿಯ ಮರಿಗಳು ಹುಟ್ಟುವಾಗ ಹಳದಿ ಇರುತ್ತವೆ, ಇಲ್ಲವೇ ಇಟ್ಟಿಗೆ ಕೆಂಪು. ಹಸಿರಾಗುವುದು ಆರು ತಿಂಗಳಿಂದ ಒಂದು ವರ್ಷದ ಹೊತ್ತಿಗೆ. ಆ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆಗೇ ನಾನು ಇಷ್ಟು ಎಳೆಯದನ್ನು ತರಿಸಿದ್ದು.

ಅಮ್ಮನಿಗೆ ಸಿಟ್ಟು ಬಂತು. "ಷಷ್ಠಿಗೆ ಹುತ್ತಕ್ಕೆ ಹಾಲೆರೆಯೋ ಮನೆ ಇದು. ನಾಗಪ್ಪನ್ನ ಡಬ್ಬಿಯಲ್ಲಿ ಇಟ್ಕೊಳ್ತಾರೇನೋ ಮಗಾ?" ಅಂದರು. ಇದು ನಮ್ಮ ಕಡೆಯ ಹಾವಲ್ಲ, ನ್ಯೂಗಿನಿ ದ್ವೀಪದ ಕಾಡಿನದು ಅಂತ ಸಮಾಧಾನ ಹೇಳಿದೆ. ನಾಲ್ಕೈದು ದಿನ ಆದ ಮೇಲೆ ಬೆಳಿಗ್ಗೆ ಕಾಫಿ ಕೊಡುವಾಗ ಅವರೇ ಕೇಳತೊಡಗಿದರು, "ತಿಂತಾ?"

ತಿನ್ನಲಿಲ್ಲ. "ಚೆನ್ನಾಗಿ ತಿನ್ನುತ್ತದೆ ಸಾರ್" ಅಂತ ಮಾರಿದವರು ಹೇಳಿದ್ದರು. ನಾನು ಕಣ್ಣಲ್ಲಿ ನೋಡಿರಲಿಲ್ಲ, ವಿಡಿಯೋನೂ ಕೇಳಿರಲಿಲ್ಲ. ಇದೇ ನನ್ನ ದೊಡ್ಡ ತಪ್ಪು. ಈ ಮರಿಗಳು ಮೊಟ್ಟೆಯಿಂದ ಬಂದು ಮೊದಲ ಪೊರೆ ಬಿಟ್ಟ ಮೇಲೆ ತಿನ್ನಲು ಶುರು ಮಾಡುತ್ತವೆ. ಕಾಡಿನಲ್ಲಿ ಅವಕ್ಕೆ ಸಣ್ಣ ಹಲ್ಲಿ, ಹುಳುಹುಪ್ಪಟೆ ಊಟ. ಕಣ್ಣು ಬಿಡದ ಇಲಿಮರಿ ಮುಂದೆ ಹಿಡಿದರೆ ಅದು ಊಟ ಅಂತಲೇ ಎಷ್ಟೋ ಮರಿಗಳಿಗೆ ತಿಳಿಯುವುದಿಲ್ಲ. ಸಾಕುವವರು ಕತ್ತಲಾದ ಮೇಲೆ ಇಕ್ಕಳದಲ್ಲಿ ಇಲಿಮರಿ ಹಿಡಿದು, ಮೆಲ್ಲಗೆ ತಾಗಿಸಿ, ಕೆಣಕಿ, ಒಂದೊಂದು ಮರಿಗೂ ರೂಢಿ ಮಾಡಿಸಬೇಕು. ಕೆಲವಕ್ಕೆ ವಾರಗಟ್ಟಲೆ ಬೇಕು. ಆ ಕೆಲಸ ಮಾಡದೆ ಮಾರಿದರೆ ಅದೆಲ್ಲ ಕೊಂಡವನ ತಲೆಗೆ ಬೀಳುತ್ತದೆ. ಅರ್ಧ ರೇಟು ಅಂದರೆ ಇದೇ.

ನನ್ನ ಮರಿ ಕೊಂಬೆಯ ಮೇಲೆ ಸುರುಳಿ ಸುತ್ತಿ ಕೂತು ಬಾಲದ ತುದಿಯನ್ನು ಹುಳದ ಹಾಗೆ ಅಲ್ಲಾಡಿಸುತ್ತಿತ್ತು. ಆಟವಾಡುತ್ತಿದೆ ಅಂದುಕೊಂಡು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆ. ಅದು ಬೇಟೆಯನ್ನು ಹತ್ತಿರ ಕರೆಯುವ ಉಪಾಯ. ಮರಿ ಹಸಿದಿತ್ತು. ಆ ವಿಡಿಯೋ ಇನ್ನೂ ಫೋನಿನಲ್ಲಿದೆ, ತೆಗೆದು ನೋಡಲು ನನ್ನಿಂದ ಆಗುತ್ತಿಲ್ಲ.

ಜುಲೈನಲ್ಲಿ ಮಳೆ ಜೋರಾಯಿತು. ಈ ಹಾವಿಗೆ ಹಗಲಲ್ಲಿ 28ರಿಂದ 30 ಡಿಗ್ರಿ ಬೇಕು, ರಾತ್ರಿ ಸ್ವಲ್ಪ ಕಡಿಮೆಯಾದರೆ ಪರವಾಗಿಲ್ಲ. ನಮ್ಮಲ್ಲಿ ಮಳೆಗಾಲದ ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಎಲ್ಲೋ ಮರ ಬಿದ್ದು ಲೈನ್ ಹೋದರೆ ಬೆಳಗಿನ ತನಕ ಕರೆಂಟಿಲ್ಲ. ನಮ್ಮ ಇನ್ವರ್ಟರ್‌ಗೆ ಲೈಟು, ಫ್ಯಾನು ಮಾತ್ರ ಕೊಟ್ಟಿದ್ದೆವು. ಹೀಟರ್ ಆರಿದ ಮೂರು ರಾತ್ರಿ ಡಬ್ಬಿಯ ಸುತ್ತ ಬಿಸಿನೀರಿನ ಬಾಟಲಿ ಇಟ್ಟು ಕೂತಿದ್ದೇನೆ. ಮಲೆನಾಡು ತೇವ ಇದೆ, ಮಳೆಕಾಡಿನ ಹಾವಿಗೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಬಿಸಿ ಇಲ್ಲದ, ಗಾಳಿಯಾಡದ ತೇವದಲ್ಲಿ ಹಾವಿಗೆ ಉಸಿರಾಟದ ಕಾಯಿಲೆ ಬರುತ್ತದೆ ಅಷ್ಟೇ.

ಒಂದು ದಿನ ಡಬ್ಬಿ ತೊಳೆಯಲು ಮರಿಯನ್ನು ಕೊಂಬೆಯಿಂದ ಬಿಡಿಸಿದೆ. ಬಾಲದಲ್ಲಿ ಬಿಗಿಯಾಗಿ ಹಿಡಿದಿತ್ತು. ಸ್ವಲ್ಪ ಎಳೆದೆ. ಮರುದಿನ ನೋಡಿದರೆ ಬಾಲ ಒಂದು ಕಡೆ ಸೊಟ್ಟ. ಇಷ್ಟು ಎಳೆಯ ಮರಿಯ ಬೆನ್ನುಮೂಳೆಗೆ ಆ ಎಳೆತವೇ ಸಾಕು. ಬಿಡಿಸಲೇಬಾರದು, ಕೊಂಬೆ ಸಮೇತ ಎತ್ತಿ ಬೇರೆ ಕಡೆ ಇಡಬೇಕು. ಇದು ಕೈಯಲ್ಲಿ ಹಿಡಿದು ಆಡಿಸುವ ಹಾವೇ ಅಲ್ಲ.

ಆಮೇಲೆ ಗುದದಿಂದ ಕೆಂಪು ಮಾಂಸ ಹೊರಗೆ ಬಂತು. ನೀರು ಸಾಲದಿದ್ದರೆ, ಜಾಸ್ತಿ ಮುಟ್ಟಿದರೆ ಈ ಮರಿಗಳಿಗೆ ಹೀಗೆ ಆಗುವುದುಂಟು. ಚಿಕ್ಕಮಗಳೂರಿನಲ್ಲಿ ಹಾವು ನೋಡುವ ಡಾಕ್ಟರ್ ನನಗೆ ಸಿಗಲಿಲ್ಲ. ಡಬ್ಬಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಬೇಲೂರು ದಾಟಿ ಹಾಸನಕ್ಕೆ ಹೋದೆ. ಅಲ್ಲಿನ ವೈದ್ಯರು ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಇಟ್ಟು ಊತ ಇಳಿಸಿ, ತುಂಬ ತಾಳ್ಮೆಯಿಂದ ಒಳಗೆ ಸೇರಿಸಿದರು. ಎರಡು ದಿನಕ್ಕೆ ಮತ್ತೆ ಹೊರಬಂತು. ಮೂರನೇ ಬೆಳಿಗ್ಗೆ ಮರಿ ಕೊಂಬೆಯಿಂದ ಕೆಳಗೆ ಬಿದ್ದಿತ್ತು. ಅಮ್ಮ ಕರಿಬೇವಿನ ಗಿಡದ ಹತ್ತಿರ ಗುಂಡಿ ತೋಡಿಕೊಟ್ಟರು. ಒಂದು ಮಾತೂ ಆಡಲಿಲ್ಲ.

ಕಾಗದದ ವಿಷಯವನ್ನೂ ಹೇಳಬೇಕು. ಕಾಡುಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಈ ಹಾವು ಇದೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಇಂಥವು ನಾಲ್ಕನೇ ಶೆಡ್ಯೂಲ್‌ಗೆ ಬಂದಿವೆ. 2024ರ ಫೆಬ್ರವರಿಯ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. "ಪೇಪರ್ ಆಮೇಲೆ ಕಳಿಸ್ತೀವಿ" ಅಂತ ನನಗೆ ಮಾರಿದವರು ಅಂದಿದ್ದರು. ಬರಲೇ ಇಲ್ಲ. ಕಾಗದವಿಲ್ಲದೆ ಮನೆಯಲ್ಲಿಟ್ಟಿದ್ದು ನನ್ನ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ. 'ಫಾರಂನಲ್ಲಿ ಹುಟ್ಟಿದ್ದು' ಅನ್ನುವ ಮಾತನ್ನೂ ಸುಮ್ನೆ ನಂಬಬೇಡಿ. ಇಂಡೋನೇಷ್ಯಾದ ಹಾವು ಸಾಕುವ ಫಾರಂಗಳ ಬಗ್ಗೆ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿಂದ ಹೊರದೇಶಕ್ಕೆ ಹೋಗುತ್ತಿದ್ದ ಹಸಿರು ಹೆಬ್ಬಾವುಗಳಲ್ಲಿ ಕನಿಷ್ಠ ಶೇಕಡಾ 80ರಷ್ಟು ಕಾಡಿನಿಂದ ಹಿಡಿದವು ಅಂತ ಅದರಲ್ಲಿ ಇದೆ.

ಹಾಸನದ ಹುಡುಗನಿಗೆ ಹೇಳಿದೆ. ಕನಿಷ್ಠ ಆರು ತಿಂಗಳು, ಒಂದು ವರ್ಷ ಆಗಿದ್ದರೆ ಇನ್ನೂ ಒಳ್ಳೆಯದು. ಹತ್ತು ಸಲವಾದರೂ ತಾನಾಗಿ ತಿಂದಿರಬೇಕು, ತಿಂದ ತಾರೀಕು ಬರೆದಿಟ್ಟಿರಬೇಕು. ನಿನ್ನ ಕಣ್ಣೆದುರು ಒಮ್ಮೆ ತಿನ್ನಲಿ. ಮಾರುವವರ ನೋಂದಣಿ ಪತ್ರ ಮೊದಲು ನಿನ್ನ ಕೈಗೆ ಬರಲಿ, ದುಡ್ಡು ಆಮೇಲೆ. ಹೀಟರ್‌ಗೆ ಇನ್ವರ್ಟರ್ ಲೈನ್ ಎಳೆಸಿ, ಖಾಲಿ ಡಬ್ಬಿಗೇ ಒಂದು ತಿಂಗಳು ಹೀಟರ್ ಹಾಕಿ ಬಿಸಿ ನಿಲ್ಲುತ್ತದಾ ನೋಡು. ಇದು 15, 20 ವರ್ಷ ಬದುಕುವ ಜೀವ, ಆರು ತಿಂಗಳು ಕಾಯೋಕೆ ಆಗಲ್ವಾ?

ಈ ಶುಕ್ರವಾರದೊಳಗೆ ಅಡ್ವಾನ್ಸ್ ಹಾಕದಿದ್ದರೆ ಮರಿ ಬೇರೆಯವರಿಗೆ ಹೋಗುತ್ತದೆ ಅಂತ ಅವನಿಗೆ ದಿನಾ ಮೆಸೇಜ್ ಬರುತ್ತಿದೆಯಂತೆ. ಹಾಕಬೇಡ ಅಂದಿದ್ದೇನೆ. ನಿಮಗೂ ಅಂಥ ಮೆಸೇಜ್ ಬಂದಿದ್ದರೆ, ದಯವಿಟ್ಟು ಹಾಕಬೇಡಿ.